ಹಾವು ಕಡಿದವರ ಲೆಕ್ಕ ಇಡುವುದು ಯಾರ ಕೆಲಸ?

(ನಮ್ಮ ಬಳಗದ ಮಳೆಗಾಲಪೂರ್ವ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಾನು ವೈದ್ಯನಲ್ಲ. ಮಣ್ಣು, ಬೆಳೆ, ಗೊಬ್ಬರ ಇವೇ ನನ್ನ ವಿದ್ಯೆ. ಆದರೂ ಹಾವಿನ ಕಡಿತದ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದಕ್ಕೆ ಕಾರಣವಿದೆ. ಹಾವು ಕಡಿಯುವುದು ಹೆಚ್ಚಾಗಿ ಗದ್ದೆಯಲ್ಲಿ, ತೋಟದಲ್ಲಿ, ಕೊಟ್ಟಿಗೆಯಲ್ಲಿ. ಇದು ಕೃಷಿಯ ರೋಗ. ಕೀಟನಾಶಕದ ವಿಷದಂತೆ ಇದೂ ನಮ್ಮ ಕಸುಬಿನ ಅಪಾಯವೆಂದು ಭಾವಿಸಬೇಕಾದ ಕೃಷಿ ವಿಜ್ಞಾನಿಗಳು ಇದುವರೆಗೆ ಮೌನವಾಗಿದ್ದೇವೆ.

ಇನ್ನೊಂದು ಕಾರಣ ಸ್ವಂತದ್ದು. ಹನ್ನೆರಡು ವರ್ಷಗಳ ಹಿಂದೆ, ಮಳೆ ಹಿಡಿಯುವ ಮುನ್ನ, ನಮ್ಮ ಸೊಪ್ಪಿನ ಬೆಟ್ಟದಲ್ಲಿ ದರಕು ಒಟ್ಟುತ್ತಿದ್ದ ಹೆಣ್ಣುಮಗಳೊಬ್ಬಳ ಕೈಬೆರಳಿಗೆ ಕೊಳಕುಮಂಡಲ ಕಡಿಯಿತು. ತೋಳಿಗೆ ಬಿಗಿಯಾಗಿ ಕಟ್ಟಲು ಹಗ್ಗ ತಂದುಕೊಟ್ಟವನು ನಾನೇ. ಡಾಕ್ಟರೇಟ್ ಪಡೆದವನಿಗೂ ಅಷ್ಟೇ ತಿಳಿದಿತ್ತು. ಮೊದಲು ನಾಟಿ ಔಷಧಿಯವರ ಮನೆ, ಆಮೇಲೆ ಒಂದು ಆಸ್ಪತ್ರೆ, ಅಲ್ಲಿಂದ ಘಟ್ಟದ ಕೆಳಗಿನ ಇನ್ನೊಂದು ಆಸ್ಪತ್ರೆ. ಮೊದಲ ಸೀಸೆ ಔಷಧ ಅವಳ ಮೈ ಸೇರುವಾಗ ಆರು ತಾಸು ಕಳೆದಿತ್ತು. ಒಂಬತ್ತನೆಯ ದಿನ ತೀರಿಕೊಂಡಳು. ಕಾಗದದಲ್ಲಿ ಬರೆದಿದ್ದು 'ಮೂತ್ರಪಿಂಡ ವೈಫಲ್ಯ' ಎಂದು. ಹಾವಿನ ಹೆಸರು ಎಲ್ಲಿಯೂ ಇರಲಿಲ್ಲ. ಸರ್ಕಾರದ ಲೆಕ್ಕದ ಪ್ರಕಾರ ಆ ವರ್ಷ ನಮ್ಮೂರಿನಲ್ಲಿ ಯಾರಿಗೂ ಹಾವು ಕಡಿಯಲಿಲ್ಲ.

ಈ ಲೆಕ್ಕದ ಮಾತಿನಿಂದಲೇ ಆರಂಭಿಸುತ್ತೇನೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವಿನ ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಎಂದರೆ ವರ್ಷಕ್ಕೆ ಸರಾಸರಿ 58,000. ಆಸ್ಪತ್ರೆಗಳ ದಾಖಲೆಯಿಂದ ಈ ಸಂಖ್ಯೆ ಬಂದದ್ದಲ್ಲ. ಮನೆಮನೆಗೆ ಹೋಗಿ, ಸತ್ತವರ ಬಂಧುಗಳನ್ನು ವಿಚಾರಿಸಿ ಪಡೆದದ್ದು. ಸತ್ತವರಲ್ಲಿ ಕಾಲುಭಾಗಕ್ಕೂ ಹೆಚ್ಚು ಹದಿನೈದು ವರ್ಷದೊಳಗಿನ ಮಕ್ಕಳು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ವಿಶ್ವ ಆರೋಗ್ಯ ಸಂಸ್ಥೆ ಹಾವಿನ ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದೇ 2017ರಲ್ಲಿ. ಬಡವರ ರೋಗಕ್ಕೆ ಹೆಸರು ಸಿಗುವುದು ತಡ.

ಈಗ ನಮ್ಮ ರಾಜ್ಯದ ವಿಷಯ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, 2020ರ ಅಡಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಹಾವಿನ ಕಡಿತ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಸಾಂಕ್ರಾಮಿಕ ಕಾಯ್ದೆ ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ವರದಿಯನ್ನು ಕಡ್ಡಾಯ ಮಾಡುವ ಅಧಿಕಾರ ಆ ಕಾಯ್ದೆಯಲ್ಲಿದೆ, ಪ್ರಯೋಜನ ಅಷ್ಟೇ. ಇದರಂತೆ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ, ಪ್ರತಿಯೊಂದು ಕಡಿತವನ್ನೂ ಪ್ರತಿಯೊಂದು ಸಾವನ್ನೂ ಆರೋಗ್ಯ ಇಲಾಖೆಯ ಸಮಗ್ರ ಮಾಹಿತಿ ವ್ಯವಸ್ಥೆಯಲ್ಲಿ ದಾಖಲಿಸಬೇಕು. ಅದೇ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಹೊರತಂದಿತು. 2030ರ ವೇಳೆಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವುದು ಅದರ ಗುರಿ. ನವೆಂಬರ್‌ನಲ್ಲಿ ಉಳಿದ ರಾಜ್ಯಗಳಿಗೂ ಇಂಥದೇ ಘೋಷಣೆ ಮಾಡುವಂತೆ ಪತ್ರ ಬರೆಯಿತು.

ಬರೆದುಕೊಳ್ಳುವುದರಿಂದ ಜೀವ ಉಳಿಯುತ್ತದೆಯೇ? ಉಳಿಯುತ್ತದೆ. ಯಾವ ಆರೋಗ್ಯ ಕೇಂದ್ರಕ್ಕೆ ಎಷ್ಟು ಸೀಸೆ ವಿಷನಿರೋಧಕ ಔಷಧ ಬೇಕೆಂಬುದು ಕಳೆದ ವರ್ಷದ ದಾಖಲೆಯಿಂದಲೇ ತೀರ್ಮಾನವಾಗಬೇಕು. ದಾಖಲೆ ಸೊನ್ನೆಯಾದರೆ ಪೂರೈಕೆಯೂ ಸೊನ್ನೆಗೆ ಹತ್ತಿರ. ಹಾವು ಕಡಿದು ಸತ್ತ ರೈತರ ಕುಟುಂಬಕ್ಕೆ ಕೃಷಿ ಇಲಾಖೆಯಿಂದ ದೊರೆಯುವ ಪರಿಹಾರಕ್ಕೂ ಕಾಗದವೇ ಆಧಾರ.

ಮಲೆನಾಡಿಗೆ ಇನ್ನೂ ದೊಡ್ಡ ಕಾರಣವೊಂದಿದೆ. ನಮ್ಮ ದೇಶದಲ್ಲಿ ದೊರೆಯುವ ವಿಷನಿರೋಧಕವು ನಾಲ್ಕು ಹಾವುಗಳ ವಿಷವನ್ನು ಕುದುರೆಗೆ ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಿಂದ ತಯಾರಿಸಿದ ಔಷಧ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಇವೇ ಆ ನಾಲ್ಕು. ಇದಕ್ಕೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನ ಇರುಳ ಸಮುದಾಯದವರ ಸಹಕಾರ ಸಂಘದಿಂದ ಬರುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ ಎಂಬುದು ಈಗ ಸಿದ್ಧವಾದ ಸಂಗತಿ. ನಮ್ಮ ಅಡಿಕೆ, ಕಾಫಿ, ಏಲಕ್ಕಿ ತೋಟಗಳ ತರಗೆಲೆಯಲ್ಲಿ ಅಡಗಿರುವ, ಮೂತಿಯ ತುದಿ ಮೇಲಕ್ಕೆದ್ದ ಸಣ್ಣ ಗುಳಿಮಂಡಲವಂತೂ ಆ ನಾಲ್ಕರಲ್ಲಿಲ್ಲ. ಅದು ಕಡಿದರೆ ರಕ್ತ ಹೆಪ್ಪುಗಟ್ಟದೆ ಹೋಗಬಹುದು, ಮೂತ್ರಪಿಂಡ ಕೆಡಬಹುದು. ಈಗಿನ ಔಷಧ ಅದಕ್ಕೆ ಕೆಲಸ ಮಾಡುವುದಿಲ್ಲ. ಇಂಥ ಕಡಿತಗಳು ಎಷ್ಟು, ಎಲ್ಲಿ, ಯಾವ ಲಕ್ಷಣ ಎಂಬ ದಾಖಲೆ ಇಲ್ಲದಿದ್ದರೆ ಇದಕ್ಕೊಂದು ಔಷಧ ಬೇಕೆಂದು ಯಾರ ಮುಂದೆ ವಾದಿಸೋಣ?

ವೈದ್ಯ ಮಿತ್ರರಿಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಲ್ಲಿರುವುದನ್ನು ಊರವರೂ ತಿಳಿದಿರಲೆಂದು ಹೇಳುತ್ತೇನೆ. ಒಣಗಿದ, ಸ್ವಚ್ಛ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರ್ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು ನೋಡಿದಾಗ ಹೆಪ್ಪುಗಟ್ಟಿರದಿದ್ದರೆ ಮಂಡಲದ ವಿಷ ಏರಿದೆಯೆಂದು ಅರ್ಥ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ; ಗಾಜಿನ ನಳಿಕೆ, ಗಡಿಯಾರ ಸಾಕು. ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, ಉಸಿರು ಕಟ್ಟಿದರೆ ನಾಗರ ಅಥವಾ ಕಟ್ಟುಹಾವಿನ ಲಕ್ಷಣ. ವಿಷದ ಲಕ್ಷಣ ಕಂಡೊಡನೆ ಸಾಮಾನ್ಯವಾಗಿ 10 ಸೀಸೆಯಿಂದ ಚಿಕಿತ್ಸೆ ಆರಂಭ. ಮಕ್ಕಳಿಗೂ ಅಷ್ಟೇ ಪ್ರಮಾಣ. ಏಕೆಂದರೆ ಮಗುವೆಂದು ಹಾವು ಕಡಿಮೆ ವಿಷ ಬಿಡುವುದಿಲ್ಲ. ಔಷಧ ಒಗ್ಗದೆ ಹೋದೀತೆಂಬ ಭಯದಿಂದ ರೋಗಿಯನ್ನು ಹಾಗೆಯೇ ಮುಂದಕ್ಕೆ ಸಾಗಹಾಕುವ ರೂಢಿ ಕೆಲವೆಡೆ ಇದೆ. ಅಡ್ರಿನಾಲಿನ್ ಕೈಗೆ ಸಿಗುವಂತೆ ಇಟ್ಟುಕೊಂಡು ಮೊದಲ ಪ್ರಮಾಣ ಕೊಟ್ಟು ಕಳುಹಿಸಿದರೆ ಘಟ್ಟದ ದಾರಿಯ ಮೂರು ತಾಸು ಉಳಿದೀತು. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕೆ ಒತ್ತಾಯಿಸದೆ ಪ್ರಾಣರಕ್ಷಕ ಚಿಕಿತ್ಸೆ ನೀಡಬೇಕೆಂದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಹೇಳುತ್ತದೆ.

ಇನ್ನು ನಮ್ಮ ಪಾಲಿನ ಕೆಲಸ. ಕಡಿದ ಜಾಗವನ್ನು ಕೊಯ್ಯಬಾರದು, ಚೀಪಬಾರದು, ಹಗ್ಗ ಬಿಗಿಯಬಾರದು. ಬಿಗಿದರೆ ಅಂಗವೇ ಕೊಳೆಯಬಹುದು. ಉಂಗುರ, ಬಳೆ, ಕಾಲ್ಗೆಜ್ಜೆಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಮೂಳೆ ಮುರಿದವರಿಗೆ ಮಾಡುವಂತೆ ಕೈಕಾಲಿಗೆ ದಬ್ಬೆ ಕಟ್ಟಿ ಅಲುಗದಂತೆ ಇಟ್ಟು, ನಡೆಸದೆ, 108ಕ್ಕೆ ಕರೆಮಾಡಿ ಅಥವಾ ಸಿಕ್ಕಿದ ವಾಹನದಲ್ಲಿ ಕರೆದೊಯ್ಯಬೇಕು. ಹಾವನ್ನು ಕೊಂದು ಒಯ್ಯುವ ಅಗತ್ಯವಿಲ್ಲ. ಹಿಡಿಯಲು ಹೋದರೆ ಎರಡನೆಯ ರೋಗಿ ಸಿದ್ಧನಾದಂತೆ. ದೂರದಿಂದ ಮೊಬೈಲಿನಲ್ಲಿ ಚಿತ್ರ ಸಿಕ್ಕಿದರೆ ಸಾಕು. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಡಿದರೆ ಗುರುತೂ ಕಾಣದು, ನೋವೂ ಇರದು. ನೆಲದ ಮೇಲೆ ಮಲಗಿದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಭಾರವಾದರೆ ಹಾವನ್ನು ನೆನೆಯಿರಿ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗುವುದು ಸೊಳ್ಳೆಗೂ ಹಾವಿಗೂ ಒಂದೇ ಮದ್ದು.

ಕೃಷಿಕರಿಗೆ ಒಂದು ಮಾತು. ಹಾವು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಇಲಿಯನ್ನು, ಕಪ್ಪೆಯನ್ನು ಹುಡುಕಿ ಬರುತ್ತದೆ. ಮನೆಗೆ ತಾಗಿದಂತೆ ಕಟ್ಟಿಗೆ, ಸೋಗೆ, ಹಾಳೆ, ತೆಂಗಿನ ಸಿಪ್ಪೆ ಒಟ್ಟಬೇಡಿ. ಹಾವನ್ನು ಕೊಂದ ತೋಟದಲ್ಲಿ ಇಲಿ ಹೆಚ್ಚುತ್ತದೆ. ಇಲಿ ಹೆಚ್ಚಿದಲ್ಲಿಗೆ ಮತ್ತೊಂದು ಹಾವು ಬರುತ್ತದೆ. ಉದುರಡಿಕೆಯನ್ನು ಬರಿಗೈಯಲ್ಲಿ ಹೆಕ್ಕುವ ಮೊದಲು ಕೋಲಿನಿಂದ ಎಲೆ ಸರಿಸಿ. ಇದೆಲ್ಲಕ್ಕಿಂತ ಮುಖ್ಯವಾಗಿ, ತೋಟದ ಯಜಮಾನ ಗಂಬೂಟು ಹಾಕಿ ನಿಂತು, ಕೆಲಸದವರು ಬರಿಗಾಲಲ್ಲಿ ದರಕು ಒಟ್ಟುವ ದೃಶ್ಯ ನಮ್ಮೂರಿನಿಂದ ಮರೆಯಾಗಬೇಕು. ಕತ್ತಿ, ಬುಟ್ಟಿ ಕೊಡುವ ನಾವು ಬೂಟು, ಕೈಗವಸನ್ನೂ ಕೊಡಲೇಬೇಕು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ಮಳೆಗಾಲದಲ್ಲಿ ನಿಮ್ಮ ಊರಿನಲ್ಲಿ ಯಾರಿಗಾದರೂ ಹಾವು ಕಡಿದರೆ ಅದು ಆಸ್ಪತ್ರೆಯ ವರದಿಗೆ ಸೇರಿತೇ ಎಂದು ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸಿ. ನಿಮ್ಮ ಆರೋಗ್ಯ ಕೇಂದ್ರದಲ್ಲಿ ಇಂದು ಎಷ್ಟು ಸೀಸೆ ಔಷಧವಿದೆ ಎಂದು ಗ್ರಾಮಸಭೆಯಲ್ಲಿ ಕೇಳಿ. ಕೇಳುವವರಿಲ್ಲದಿದ್ದರೆ ಆದೇಶ ಕಡತದಲ್ಲಿಯೇ ಉಳಿಯುತ್ತದೆ.

ಅಂದು ಸತ್ತ ಹೆಣ್ಣುಮಗಳ ಮಗ ಈಗ ನಮ್ಮ ತೋಟದಲ್ಲಿಯೇ ಕೆಲಸಕ್ಕೆ ಬರುತ್ತಾನೆ, ಬೂಟು ಹಾಕಿಕೊಂಡು. ಅವನ ತಾಯಿಯನ್ನು ಯಾವ ಪಟ್ಟಿಯಲ್ಲಿಯೂ ಸೇರಿಸಲು ನನ್ನಿಂದಾಗಲಿಲ್ಲ. ಮುಂದಿನವರು ಲೆಕ್ಕಕ್ಕೆ ಸಿಗಲಿ, ಅದಕ್ಕಿಂತ ಮೊದಲು ಚಿಕಿತ್ಸೆಗೆ ಸಿಗಲಿ.