ಅಕ್ಷರ ಎಲ್ಲಿ ದಪ್ಪವಾಗಬೇಕು?

(ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಒಯ್ಯಬೇಕೆಂದಿರುವ ಅಕ್ಷರ ಪ್ರದರ್ಶನದ ಸಿದ್ಧತಾ ಸಭೆಯಲ್ಲಿ ಆಡಿದ ಮಾತು)



ಮಹಿಳಾ ಹಕ್ಕುಗಳ ಚರಿತ್ರೆಯನ್ನು ಚಿತ್ರಗಳಿಲ್ಲದೆ, ಬರೀ ಅಕ್ಷರಗಳಲ್ಲೇ ಹೇಳೋಣವೆಂದು ತೀರ್ಮಾನಿಸಿದ್ದೀರಿ. ನನಗೆ ಒಪ್ಪಿಗೆ. ಸುಟ್ಟ ಹೆಣ್ಣಿನ ಚಿತ್ರ ನೋಡಿ ‘ಅಯ್ಯೋ ಪಾಪ’ ಎಂದು ಮುಂದೆ ಹೋಗಬಹುದು. ಓದಬೇಕಾದರೆ ನಿಲ್ಲಬೇಕು. ಆದರೆ ಅಕ್ಷರವೂ ಪಕ್ಷಪಾತಿಯೇ. ಯಾವುದು ದಪ್ಪ, ಯಾವುದು ಸಣ್ಣ ಎಂಬುದರಲ್ಲೇ ನಮ್ಮ ನಿಲುವಿರುತ್ತದೆ.

‘ಸ್ಟೋವ್ ಸಿಡಿದು ಗೃಹಿಣಿ ಸಾವು.’ ಇಂಥ ತಲೆಬರಹಗಳನ್ನು ನಾವೆಲ್ಲ ಓದಿದವರೇ. ವ್ಯಾಕರಣ ಕಲಿಸಿದವಳು ನಾನು, ಕೇಳದೆ ಇರಲಾರೆ: ಇಲ್ಲಿ ಸಿಡಿದದ್ದು ಯಾವುದು? ಸ್ಟೋವ್. ಮನೆಯಲ್ಲಿದ್ದ ಮನುಷ್ಯರು ಯಾರೂ ವಾಕ್ಯದೊಳಗಿಲ್ಲ. ಈ ಸಾಲನ್ನು ಪತ್ರಿಕೆಯ ಅಳತೆಯಲ್ಲೇ ಬರೆದು, ಕೆಳಗೆ ಮೊಳ ಎತ್ತರದ ಅಕ್ಷರದಲ್ಲಿ ‘ಯಾರು?’ ಎಂದು ಬರೆಯಿರಿ. ಸಾಕು.

ಮೊದಲ ಫಲಕದಲ್ಲಿ ಮೂರು ಲಿಪಿ ಇರಲಿ. ನಮ್ಮದು 1948ರವರೆಗೆ ಉರ್ದುವಿನಲ್ಲಿ ಆಡಳಿತ ನಡೆದ ನಿಜಾಮರ ಸೀಮೆ. ಆಳಂದ, ಅಫಜಲಪುರದ ಗಡಿ ದಾಟಿದರೆ ಮರಾಠಿ. 1882ರಲ್ಲಿ ತಾರಾಬಾಯಿ ಶಿಂದೆಯವರ ‘ಸ್ತ್ರೀ ಪುರುಷ ತುಲನಾ’ ಮರಾಠಿಯಲ್ಲಿ ಅಚ್ಚಾಯಿತು. 1898ರಲ್ಲಿ ಲಾಹೋರಿನಿಂದ ಮುಹಮ್ಮದಿ ಬೇಗಂ ಸಂಪಾದಕತ್ವದಲ್ಲಿ ಉರ್ದುವಿನ ‘ತಹಜೀಬ್-ಎ-ನಿಸ್ವಾನ್’ ಹೊರಟಿತು. 1913ರಲ್ಲಿ ನಂಜನಗೂಡು ತಿರುಮಲಾಂಬ ‘ಸತೀಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿದರು. ಮೂರನ್ನೂ ಒಂದೇ ಅಳತೆಯಲ್ಲಿ ಬರೆಯಿರಿ.

ಕಾನೂನಿಗೆ ಹೆಚ್ಚು ಜಾಗ ಬೇಡ: 1961ರ ವರದಕ್ಷಿಣೆ ನಿಷೇಧ ಕಾಯ್ದೆ, 1983ರ 498ಎ, 1986ರ 304ಬಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. 2024ರ ಜುಲೈ 1ರಿಂದ 498ಎ ಹೋಗಿ ನ್ಯಾಯ ಸಂಹಿತೆಯ 85, 86. 304ಬಿ ಹೋಗಿ 80 ಬಂದಿವೆ. ಹಳೆಯ ಸಂಖ್ಯೆಯನ್ನೂ ಬರೆಯಿರಿ. ಹೆಂಗಸರ ಬಾಯಲ್ಲಿರುವುದು ಅದೇ.

ನಾನು ಹೆಚ್ಚು ಹೇಳಬೇಕಾದದ್ದು ಭಾಂಡೆ ಸಾಮಾನಿನ ಬಗ್ಗೆ. ತವರಿನಿಂದ ಕೊಟ್ಟ ಕೊಡ, ತಾಟು, ತಂಬಿಗೆಗಳ ಮೇಲೆ ಹೆಸರು ಕೊರೆಸುತ್ತೇವಲ್ಲ, ಅದೂ ಅಕ್ಷರ ಕಲೆಯೇ. ಅಂಥ ನಾಲ್ಕಾರು ಹಳೆಯ ಪಾತ್ರೆ ಕೇಳಿ ತಂದು ಸಾಲಾಗಿ ಇಡಿ. ಕೊಟ್ಟವರ ಹೆಸರು ಎಷ್ಟು ದೊಡ್ಡದು, ಮಗಳ ಹೆಸರು ಇದೆಯೋ ಇಲ್ಲವೋ, ನೋಡುವವರೇ ನೋಡಲಿ. ಅದರ ಪಕ್ಕದಲ್ಲೇ 1985ರ ನಿಯಮಗಳು ಹೇಳುವ ಉಡುಗೊರೆ ಪಟ್ಟಿ ತೂಗುಬಿಡಿ: ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರ ಸಂಬಂಧ, ಕೆಳಗೆ ವಧು ವರ ಇಬ್ಬರ ಸಹಿ. ವರದಕ್ಷಿಣೆ ಬೇಡವೆನ್ನುವ ನಾವೇ ಪಟ್ಟಿ ಮಾಡಿರೆನ್ನುವುದು ವಿಚಿತ್ರವೆನ್ನಿಸಬಹುದು. ಕೇಳದೆ ಕೊಟ್ಟ ಉಡುಗೊರೆಗೂ ಪಟ್ಟಿ ಬೇಕೆಂಬುದು ಕಾನೂನೇ. ಉಟ್ಟ ಸೀರೆಯಲ್ಲಿ ಮನೆ ಬಿಟ್ಟು ಬಂದವಳು ‘ಇವು ನನ್ನವು’ ಎಂದು ಹೇಳಲು ತಂಬಿಗೆಯ ಮೇಲಿನ ಹೆಸರಿಗಿಂತ ಆ ಸಹಿ ಗಟ್ಟಿ.

ಇನ್ನು ಕೆಲಸದ ಮಾತು. ಫ್ಲೆಕ್ಸ್ ಬೇಡ, ಬಿಳಿ ಖಾದಿಯ ಮೇಲೆ ಕೈಯಿಂದ ಬರೆಯಿರಿ. ಮಡಚಿ ಬಸ್ಸಿನಲ್ಲಿ ಒಯ್ಯಬಹುದು. ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ‘ವರದಕ್ಷಿಣೆ’, ‘ದೌರ್ಜನ್ಯ’ ಇಂಥ ಪದಗಳ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಕಣ್ಣು ಮಂಜಾದವರಿಗೆ ಓದಲಾಗದು. ಓದು ಬಾರದ ಅಕ್ಕಂದಿರೇ ಹೆಚ್ಚು ಬರಬಹುದು. ಪ್ರತಿ ಫಲಕದ ಹತ್ತಿರ ಒಬ್ಬರು ನಿಂತು ಬೆರಳಿಟ್ಟು ಓದಿ ಹೇಳಲಿ, ಅವಸರ ಮಾಡದೆ. ಬಾಗಿಲ ಬಳಿ ಪಟ್ಟಿಯ ಖಾಲಿ ನಮೂನೆಗಳ ಕಟ್ಟು ಇರಲಿ, ಮೂರು ಲಿಪಿಯಲ್ಲೂ.