ವಾರ್ಡಿನ ಗಡಿ ಮತ್ತು ಅಲ್ಪಸಂಖ್ಯಾತರ ದನಿ



2025ರ ಆಗಸ್ಟ್ 22ರಂದು ಮುಂಬಯಿ ಮಹಾನಗರಪಾಲಿಕೆಯ 227 ವಾರ್ಡುಗಳ ಕರಡು ವಿಂಗಡಣೆ ಪ್ರಕಟವಾಯಿತು. ಆಕ್ಷೇಪಣೆ ಸಲ್ಲಿಸಲು ಸೆಪ್ಟೆಂಬರ್ 4 ಕೊನೆಯ ದಿನ. ಈ ಎರಡು ವಾರಗಳ ನಡುವೆಯೇ ಗಣೇಶ ಚತುರ್ಥಿ ಬಂದಿತು. ಮರುದಿನದಿಂದ ದಿಗಂಬರರ ದಶಲಕ್ಷಣ ಪರ್ವ ಆರಂಭವಾಯಿತು. ಮಂದಿರಗಳಲ್ಲಿ ಪ್ರವಚನಗಳು ಸಾಗುತ್ತಿದ್ದ ದಿನಗಳಲ್ಲೇ, ಯಾವ ಬೀದಿಯವರು ಯಾರೊಡನೆ ಸೇರಿ ಮತ ಹಾಕಬೇಕೆಂಬುದು ನಿರ್ಧಾರವಾಗುತ್ತಿತ್ತು. ಆ ಕರಡನ್ನು ತೆರೆದು ನೋಡಿದೆವೇ ಎಂದು ಪ್ರತಿಯೊಂದು ಸಮಾಜ ಸಂಸ್ಥೆಯ ಆಡಳಿತ ಮಂಡಳಿಯೂ ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಸಂವಿಧಾನದ 243ಟಿ ವಿಧಿಯು ನಗರಪಾಲಿಕೆಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಮೀಸಲಾತಿಯನ್ನು ವಿಧಿಸುತ್ತದೆ. ಹಿಂದುಳಿದ ವರ್ಗಗಳಿಗೆ ಮೀಸಲಿಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಡುತ್ತದೆ. ಧಾರ್ಮಿಕ ಅಥವಾ ಭಾಷಾ ಅಲ್ಪಸಂಖ್ಯಾತರಿಗೆ ಅಲ್ಲಿ ಸ್ಥಾನವಿಲ್ಲ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ದೊರೆತ ಅಲ್ಪಸಂಖ್ಯಾತ ಮಾನ್ಯತೆಯು ವಿದ್ಯಾರ್ಥಿವೇತನಕ್ಕೆ ನೆರವಾದೀತು. ಪಾಲಿಕೆಯಲ್ಲಿ ಆಸನವನ್ನು ಕೊಡದು. ಹೀಗಾಗಿ ಮುಸ್ಲಿಮರು, ಕ್ರೈಸ್ತರು, ಜೈನರು, ಪರಭಾಷಾ ನಗರದಲ್ಲಿ ನೆಲೆಸಿದ ಕನ್ನಡಿಗರು, ಇವರೆಲ್ಲರ ದನಿಯ ಬಲವು ಬಹುಮಟ್ಟಿಗೆ ವಾರ್ಡಿನ ಗಡಿಯನ್ನು ಅವಲಂಬಿಸಿದೆ.

ಲೆಕ್ಕ ಸರಳವಾಗಿದೆ. 2011ರ ಜನಗಣತಿಯಂತೆ ಮುಂಬಯಿಯ ಜನಸಂಖ್ಯೆ 1,24,42,373. ಅದನ್ನು 227ರಿಂದ ಭಾಗಿಸಿದರೆ ವಾರ್ಡಿಗೆ ಸರಾಸರಿ 54,800 ಜನ. ಒಂದೆಡೆ ನೆಲೆಸಿದ 9,000 ಜನರ ಸಮುದಾಯವೊಂದಿದೆ ಎಂದಿಟ್ಟುಕೊಳ್ಳೋಣ. ಅದು ಒಂದೇ ವಾರ್ಡಿನಲ್ಲಿದ್ದರೆ ಶೇ. 16ರಷ್ಟಾಗುತ್ತದೆ, ಅಭ್ಯರ್ಥಿ ಅವರ ಮನೆಬಾಗಿಲಿಗೆ ಬರಲೇಬೇಕು. ಮೂರು ವಾರ್ಡುಗಳಿಗೆ ಹಂಚಿಹೋದರೆ ಪ್ರತಿಯೊಂದರಲ್ಲೂ ಶೇ. 6ಕ್ಕಿಂತ ಕಡಿಮೆ. ಜನರು ಅಷ್ಟೇ, ಮತಗಳೂ ಅಷ್ಟೇ. ಕೇಳುವವರು ಮಾತ್ರ ಇಲ್ಲ. ಪುಣೆಯಲ್ಲಿ ನಾಲ್ವರು ಸದಸ್ಯರ ಪ್ರಭಾಗ ಪದ್ಧತಿಯಿದೆ. ಅಲ್ಲಿ ಪ್ರತಿ ಮತದಾರನೂ ನಾಲ್ಕು ಆಸನಗಳಿಗೆ ಪ್ರತ್ಯೇಕವಾಗಿ ಮತ ಹಾಕುವುದರಿಂದ, ಒಂದೇ ಬಹುಮತವು ನಾಲ್ಕನ್ನೂ ಗೆಲ್ಲಬಲ್ಲದು.

ಆಕ್ಷೇಪಣೆ ಸಲ್ಲಿಸುವ ಕ್ರಮವನ್ನೂ ಅರಿಯಬೇಕು. ‘ಸಮಾಜಕ್ಕೆ ಅನ್ಯಾಯವಾಗಿದೆ’ ಎಂಬ ಮನವಿಪತ್ರಕ್ಕೆ ವಿಚಾರಣೆಯಲ್ಲಿ ತೂಕವಿಲ್ಲ. ಅಲ್ಲಿ ತೂಗುವುದು ಜನಗಣತಿಯ ಎಣಿಕೆ ಬ್ಲಾಕುಗಳು, ರಸ್ತೆ, ನಾಲೆ, ರೈಲು ಹಳಿ. ಯಾವ ಬ್ಲಾಕು ಯಾವ ವಾರ್ಡಿಗೆ ಸೇರಬೇಕು, ಸೇರಿದರೆ ಎರಡೂ ವಾರ್ಡುಗಳ ಜನಸಂಖ್ಯೆ ಎಷ್ಟಾಗುತ್ತದೆ, ಮಿತಿಯೊಳಗಿರುತ್ತದೆಯೇ ಎಂಬುದನ್ನು ತೋರಿಸಿದ ಅರ್ಜಿಗೆ ಮಾತ್ರ ನಿಲ್ಲುವ ಶಕ್ತಿ ಇರುತ್ತದೆ. ಜಮಾ-ಖರ್ಚು ಬರೆಯುವ ಸಮಾಜಕ್ಕೆ ಇದು ಕಠಿಣ ವಿದ್ಯೆಯಲ್ಲ. ತಡಮಾಡಿದರೆ ಮಾತ್ರ ದಾರಿಯಿಲ್ಲ: 243ಝಡ್‌ಜಿ ವಿಧಿಯಿಂದಾಗಿ, ಅಂತಿಮ ವಿಂಗಡಣೆಯ ಬಳಿಕ ನ್ಯಾಯಾಲಯದ ಬಾಗಿಲು ಬಹುಪಾಲು ಮುಚ್ಚಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದು ಧರ್ಮಕ್ಕಾಗಿ ವಾರ್ಡು ಕೊರೆದುಕೊಡಿ ಎಂಬ ಬೇಡಿಕೆ ಸಲ್ಲದು. ಕೂಡಿ ಬಾಳುವ ನೆರೆಹೊರೆಯನ್ನು ಒಡೆಯಬೇಡಿ ಎಂಬುದೇ ನ್ಯಾಯವಾದ ಬೇಡಿಕೆ. ಮಂದಿರದ ಸುತ್ತಲಿನ ಮನೆಗಳು ಒಂದಾಗಿರಬೇಕೆಂದು ಕೇಳುವವರು, ಪಕ್ಕದ ಚಾಳಿನ ಮುಸ್ಲಿಂ ಕುಟುಂಬಗಳಿಗೂ ಎದುರಿನ ದಲಿತ ವಸತಿಗೂ ಅದೇ ಹಕ್ಕನ್ನು ಕೇಳಬೇಕು. ಅನೇಕಾಂತವನ್ನು ವೇದಿಕೆಯಲ್ಲಿ ಹೊಗಳುವ ಸಮಾಜವು ನೆರೆಯವರೊಡನೆ ಒಂದೇ ಅರ್ಜಿಗೆ ಸಹಿ ಹಾಕಲು ಹಿಂಜರಿಯಬಾರದು.

2027ರ ಮಾರ್ಚ್ 1 ಮುಂದಿನ ಜನಗಣತಿಯ ಆಧಾರ ದಿನಾಂಕ. ಆ ಅಂಕಿಗಳು ಹೊರಬಂದ ಮೇಲೆ ನಗರಗಳ ನಕ್ಷೆ ಮತ್ತೆ ಬದಲಾಗಲಿದೆ. ಅಷ್ಟರೊಳಗೆ ಪ್ರತಿಯೊಂದು ಸಂಘವೂ ಮಹಿಳೆಯರೂ ತರುಣರೂ ಇರುವ ಸಣ್ಣ ಸಮಿತಿಯೊಂದನ್ನು ರಚಿಸಲಿ. ಮರಾಠಿ ಅಧಿಸೂಚನೆಯನ್ನು ಕನ್ನಡದಲ್ಲಿ ವಿವರಿಸಿ ಪೂಜೆಯ ಬಳಿಕ ಓದಿಹೇಳಲಿ. ಗಣತಿದಾರರು ಬಂದಾಗ ಧರ್ಮ, ಮಾತೃಭಾಷೆಯ ಅಂಕಣಗಳಲ್ಲಿ ಸತ್ಯವನ್ನೇ ಬರೆಸಲಿ. ಒಂದು ಸನ್ಮಾನ ಸಮಾರಂಭದ ಶಾಲು-ಹಾರಗಳಿಗೆ ತಗಲುವಷ್ಟು ವೆಚ್ಚವೂ ಇದಕ್ಕೆ ಬೇಕಿಲ್ಲ.

ಜೈ ಜಿನೇಂದ್ರ.