ಅಟ್ಟದ ಮೇಲಿನ ಚರ್ಚು



ಆಮ್‌ಸ್ಟರ್‌ಡ್ಯಾಮಿನ ಹಳೆಯ ಕಾಲುವೆಯೊಂದರ ದಂಡೆಯಲ್ಲಿ ವರ್ತಕನೊಬ್ಬನ ಮನೆಯಿದೆ. ಬೀದಿಯಿಂದ ನೋಡಿದರೆ ಬರೀ ಮನೆ. ಇಕ್ಕಟ್ಟಾದ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದರೆ, ಬಲಿಪೀಠ ಸಮೇತ ಒಂದು ಇಡೀ ಕ್ಯಾಥೊಲಿಕ್ ಚರ್ಚು! 1663ರ ಹೊತ್ತಿಗೆ ಸಿದ್ಧವಾದದ್ದು. ಇಂಥ ಗುಟ್ಟಿನ ಚರ್ಚುಗಳು ಅಧಿಕಾರಿಗಳಿಗೆ ಗೊತ್ತಿದ್ದವು. ಕಾಣಿಕೆ ಪಡೆದು ಸುಮ್ಮನಿರುವುದು ವಾಡಿಕೆಯಾಗಿತ್ತು.

ಹೀಗೇಕೆ? ಸ್ಪೇನಿನ ದೊರೆಯ ವಿರುದ್ಧ ದಂಗೆಯೆದ್ದ ಡಚ್ ಪ್ರಾಂತ್ಯಗಳು 1579ರಲ್ಲಿ ಉಟ್ರೆಕ್ಟ್‌ನಲ್ಲಿ ಒಪ್ಪಂದ ಮಾಡಿಕೊಂಡವು. ನಂಬಿಕೆಯ ಕಾರಣಕ್ಕೆ ಯಾರನ್ನೂ ಹಿಂಸಿಸಬಾರದು, ವಿಚಾರಣೆಗೆ ಎಳೆಯಬಾರದು ಎಂದಿತು ಅದರ 13ನೇ ಕಲಮು. ಆದರೆ ಬಹಿರಂಗ ಆರಾಧನೆಯ ಹಕ್ಕು ಕ್ರಮೇಣ ಕ್ಯಾಲ್ವಿನ್ ಪಂಥದ ಚರ್ಚೊಂದರ ಪಾಲಾಯಿತು. ಮನಸ್ಸಿಗೆ ಬಿಡುಗಡೆ, ಬೀದಿಗೆ ಕಟ್ಟು.

ಆ ಚರ್ಚಿನೊಳಗೇ ಜಗಳ ಹುಟ್ಟಿತು. ಯಾರಿಗೆ ಮುಕ್ತಿ ಎಂಬುದನ್ನು ದೇವರು ಮೊದಲೇ ಹಣೆಯಲ್ಲಿ ಬರೆದಿಟ್ಟಿದ್ದಾನೆಯೇ, ಮನುಷ್ಯನ ಒಪ್ಪಿಗೆಗೂ ಅಲ್ಲಿ ಜಾಗವಿದೆಯೇ? ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಗೊಮಾರಸ್ ಮೊದಲನೆಯದನ್ನು, ಅರ್ಮೀನಿಯಸ್ ಎರಡನೆಯದನ್ನು ಹಿಡಿದು ಎದುರುಬದುರಾದರು. 1610ರಲ್ಲಿ ಅರ್ಮೀನಿಯಸನ ಅನುಯಾಯಿಗಳು ಸರ್ಕಾರಕ್ಕೇ ಮನವಿ ಕೊಟ್ಟರು. ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಇದೇ. ಭಿನ್ನಮತಕ್ಕೆ ಜಾಗ ಕೇಳಿದವರು ಚರ್ಚಿನ ಲಗಾಮು ಸರ್ಕಾರದ ಕೈಯಲ್ಲಿರಲಿ ಎಂದರು. ಚರ್ಚಿನ ವಿಷಯ ಚರ್ಚೇ ತೀರ್ಮಾನಿಸಲಿ ಎಂದವರು ಭಿನ್ನಮತದವರನ್ನು ಹೊರಹಾಕಲು ನಿಂತರು.

ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್ ಅರ್ಮೀನಿಯಸನ ಅನುಯಾಯಿಗಳ ಕಡೆ, ದಂಡನಾಯಕ ಮಾರಿಸ್ ಅವರ ಎದುರಾಳಿಗಳ ಕಡೆ. ಸೈನ್ಯವಿದ್ದ ಪಕ್ಷ ಗೆದ್ದಿತು. ಈ ಜಗಳ ತೀರ್ಮಾನಿಸಲು ಸೇರಿದ ಡಾರ್ಟ್ ಧರ್ಮಸಭೆಯ ಬೆನ್ನಿಗೇ ಸುಮಾರು 200 ಪಾದ್ರಿಗಳು ಹುದ್ದೆ ಕಳೆದುಕೊಂಡರು. 1619ರ ಮೇ 13ರಂದು, 71 ವರ್ಷದ ಓಲ್ಡನ್‌ಬಾರ್ನೆವೆಲ್ಟನ ತಲೆ ಕಡಿದರು. ದೇಶ ಕಟ್ಟಿದ ಮುದುಕನಿಗೆ ಸಿಕ್ಕ ಫಲ ಅದು. ಅವನ ಜೊತೆಗಾರ, ನ್ಯಾಯಪಂಡಿತ ಗ್ರೋಷಿಯಸ್‌ಗೆ ಜೀವಾವಧಿ ಸೆರೆ. ಹೆಂಡತಿ ಮಾರಿಯಾ 1621ರಲ್ಲಿ ಅವನನ್ನು ಪುಸ್ತಕದ ಪೆಟ್ಟಿಗೆಯಲ್ಲಿ ಮಲಗಿಸಿ, ಕಾವಲುಗಾರರ ಕೈಯಲ್ಲೇ ಹೊರಿಸಿ ಕೋಟೆ ದಾಟಿಸಿದಳು.

ಮಾರಿಸ್ 1625ರಲ್ಲಿ ತೀರಿಕೊಂಡ ಮೇಲೆ ಹೊರದೂಡಿಸಿಕೊಂಡವರು ಒಬ್ಬೊಬ್ಬರಾಗಿ ಮರಳಿದರು. 1634ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತಮ್ಮದೇ ವಿದ್ಯಾಲಯ ತೆರೆದರು. 1670ರಲ್ಲಿ ತತ್ವಜ್ಞಾನಿ ಸ್ಪಿನೋಜಾ ಹೆಸರು ಹಾಕದೆ ಪುಸ್ತಕವೊಂದನ್ನು ಪ್ರಕಟಿಸಿ ಹಳೆಯ ಗಂಟನ್ನು ಬಿಡಿಸಲು ನೋಡಿದ: ಹೊರಗಿನ ಆಚರಣೆ ಸರ್ಕಾರದ ಅಂಕೆಯಲ್ಲಿರಲಿ, ಯೋಚನೆಯೂ ನುಡಿಯೂ ಮನುಷ್ಯನವೇ ಆಗಿರಲಿ. ಅದನ್ನು 1674ರಲ್ಲಿ ನಿಷೇಧಿಸಿದರು. ಇಂಗ್ಲೆಂಡಿನಿಂದ ತಲೆಮರೆಸಿಕೊಂಡು ಬಂದಿದ್ದ ತತ್ವಜ್ಞಾನಿ ಜಾನ್ ಲಾಕ್, ಅರ್ಮೀನಿಯಸನ ಅನುಯಾಯಿಗಳ ಆ ವಿದ್ಯಾಲಯದ ಪ್ರಾಧ್ಯಾಪಕ ಲಿಂಬೋರ್ಕನಿಗೆ ಸಹಿಷ್ಣುತೆಯ ಬಗ್ಗೆ ದೀರ್ಘ ಪತ್ರ ಬರೆದ. ಆತ್ಮದ ಉಸಾಬರಿ ಸರ್ಕಾರಕ್ಕೆ ಬೇಡ ಎಂಬುದು ಅವನ ವಾದ. 1689ರಲ್ಲಿ ಅದು ಗೌಡಾ ಪಟ್ಟಣದಲ್ಲಿ ಅಚ್ಚಾಯಿತು.

ಚರ್ಚು ಬೇರೆ, ಪ್ರಭುತ್ವ ಬೇರೆ ಎಂದು ಡಚ್ ರಾಷ್ಟ್ರೀಯ ಸಭೆ ಘೋಷಿಸಿದ್ದು 1796ರಲ್ಲಿ. ಅಟ್ಟದ ಮೇಲಿನ ಆ ಚರ್ಚಿನಲ್ಲಿ ಬಲಿಪೂಜೆ 1887ರವರೆಗೂ ನಡೆಯುತ್ತಲೇ ಇತ್ತು.